ಕಾರಿನ ಬೆಲ್ಟಿಗೆ ಗಿರಣಿಯ ರಾಳ

ನನ್ನ ಹಳೆಯ ಡೀಸೆಲ್ ಕಾರಿನಲ್ಲಿ ನನಗೆ ಕೇಳಿಸಿದಷ್ಟು ಸದ್ದು ಬೇರೆ ಯಾರಿಗೂ ಕೇಳಿಸಿಲ್ಲ. ಚಿಕ್ಕೋಡಿಯ ಗ್ಯಾರೇಜಿನ ಮಿಸ್ತ್ರಿ ನನ್ನನ್ನು ಕಂಡೊಡನೆ ಚಹಾ ಹೇಳುತ್ತಿದ್ದ, ಬಾನೆಟ್ ಎತ್ತುತ್ತಿರಲಿಲ್ಲ. ಹಿಂದೊಮ್ಮೆ ನಾನು ಹೆದರಿ ಓಡಿ ಬಂದಿದ್ದ ಕಟಕಟ ಸದ್ದು ಸೀಟಿನ ಕೆಳಗಿದ್ದ ಅವ್ವನ ಅಡಿಕೆ ಡಬ್ಬಿಯದು.

ಹೀಗಾಗಿ ಆ ಚಳಿಗಾಲದಲ್ಲಿ ಕಾರು ಬೆಳಿಗ್ಗೆ ಶುರುವಾದಾಗ ಕೀಂಯ್ ಎಂದು ಕಿರುಚಿ, ಬಿಸಿಯಾದ ಮೇಲೆ ಸುಮ್ಮನಾಗತೊಡಗಿದಾಗ ಮಿಸ್ತ್ರಿಯ ಬಳಿ ಹೋಗಲು ನಾಚಿಕೆಯಾಯಿತು. ಶಿರಗುಪ್ಪಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಣ್ಣನಿಗೆ ತೋರಿಸಿದೆ. ಗಿರಣಿಯ ಪಟ್ಟಾ ಜಾರಿದರೆ ಹಿಡಿತ ಬರಲೆಂದು ಅವನು ರಾಳದ ಪುಡಿ ಉದುರಿಸುತ್ತಾನೆ. ಅಪ್ಪನೂ ಅದನ್ನೇ ಮಾಡುತ್ತಿದ್ದ. ನನ್ನ ಕಾರಿನ ಬೆಲ್ಟಿಗೂ ಒಂದು ಚಿಟಿಕೆ ಹಾಕಿದ. ಸದ್ದು ನಿಂತಿತು.

"ಇಷ್ಟಕ್ಕ ಯಾಕ ನಿದ್ದಿ ಕೆಡಸ್ಕೋತಿ ತಮ್ಮಾ," ಎಂದ.

ಎಂಟು ದಿನ ನಿಜಕ್ಕೂ ಒಳ್ಳೆಯ ನಿದ್ದೆ ಬಂತು. ನಡುವೆ ಒಂದೆರಡು ಸಲ, ಇಂಜಿನ್ ಚಾಲೂ ಇಟ್ಟು ನಿಂತ ಗಾಡಿಯಲ್ಲಿ ಗರಗರ ಎಂದದ್ದು ಕೇಳಿಸಿತ್ತು. ನನ್ನ ಕಿವಿಯನ್ನೇ ಬೈದುಕೊಂಡೆ.

ಒಂಬತ್ತನೆಯ ದಿನ ಮಿರಜಿನಲ್ಲಿ ಅವ್ವನ ಕಣ್ಣಿನ ಆಪರೇಷನ್. ಒಂದು ಕಣ್ಣು ಮೊದಲೇ ಹೋಗಿತ್ತು, ಉಳಿದ ಇದಕ್ಕೂ ಪೊರೆ ಕವಿದಿತ್ತು. ಅವಳನ್ನು ಕೂರಿಸಿಕೊಂಡು ಮಾಂಜರಿಯ ಸೇತುವೆ ಏರುವಾಗ ಮುಂದೆ ಏನೋ ಫಟ್ ಎಂದಿತು. ಸ್ಟೇರಿಂಗ್ ಕಲ್ಲಾಯಿತು. ಬ್ಯಾಟರಿಯ ಕೆಂಪು ದೀಪ ಹತ್ತಿತು. ಎದುರಿಗೆ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಬರುತ್ತಿದ್ದ ಟ್ರ್ಯಾಕ್ಟರ್. ಎರಡೂ ಕೈಯಿಂದ ಜಗ್ಗಿದೆ. ಕಬ್ಬಿನ ತುದಿ ನಮ್ಮ ಕನ್ನಡಿಯನ್ನು ಸವರಿಕೊಂಡು ಹೋಯಿತು. ಹೇಗೋ ಸೇತುವೆ ದಾಟಿ ನಿಲ್ಲಿಸಿದೆ. ಇಂಥದ್ದನ್ನೇ ವರ್ಷಗಟ್ಟಲೆ ಕಲ್ಪಿಸಿಕೊಂಡು ಬಂದವನು ನಾನು. ಆದಾಗ ಮಾತ್ರ ಇಂಜಿನ್ ಆರಿಸುವುದೂ ಹೊಳೆಯಲಿಲ್ಲ. ಕಾವಿನ ಮುಳ್ಳು ಏರುತ್ತಲೇ ಇತ್ತು.

"ಸುಟ್ಟ ವಾಸನಿ ಬರಾಕತ್ತೈತಿ, ಬಂದ್ ಮಾಡೋ," ಎಂದವಳು ಕಣ್ಣು ಕಾಣದ ಅವ್ವ.

ಹಾಲಿನ ಗಾಡಿಯೊಂದು ನಿಂತಿತು. ಅವ್ವ ಮುಂದೆ ಕುಳಿತಳು, ನಾನು ಹಿಂದೆ ಕ್ಯಾನುಗಳ ನಡುವೆ. ತಡವಾದರೂ ಡಾಕ್ಟರು ಒಳಗೆ ಕರೆದುಕೊಂಡರು.

ಮರುದಿನ ಮಿಸ್ತ್ರಿ ಸೇತುವೆಯ ಬಳಿ ಬಂದು ಬಾನೆಟ್ ಎತ್ತಿದ. ಬೆಲ್ಟನ್ನು ಬಿಗಿಯಾಗಿ ಒತ್ತಿ ಹಿಡಿಯುವ ಸಣ್ಣ ಗಾಲಿಯನ್ನು, ಟೆನ್ಶನರನ್ನು, ಬಿಚ್ಚಿ ನನ್ನ ಕೈಗೆ ಕೊಟ್ಟು ತಿರುಗಿಸಿ ನೋಡಲು ಹೇಳಿದ. ಮರಳು ತುಂಬಿದಂತೆ ಗರಗರ ಎಂದು ಓಲಾಡಿತು. ಇದು ಸೋತು ಬೆಲ್ಟ್ ಸಡಿಲಾಗಿ, ಕೊನೆಗೆ ಹರಿದಿತ್ತು. ಸ್ಟೇರಿಂಗಿನ ಪಂಪು, ನೀರಿನ ಪಂಪು, ಬ್ಯಾಟರಿಯ ಚಾರ್ಜು ಎಲ್ಲವೂ ಆ ಒಂದೇ ಬೆಲ್ಟಿನ ಮೇಲೆ. ರಾಳದಿಂದ ಕಿರುಚಾಟವಷ್ಟೇ ನಿಂತಿತ್ತು. ಹರಿದ ಬೆಲ್ಟಿನ ಗೀರುಗಳ ನಡುವಿನ ಹಳದಿ ಪುಡಿಯನ್ನು ಅವನು ಉಗುರಿನಿಂದ ಕೆರೆದ.

"ಅಡಿಕಿ ಡಬ್ಬಿಗೆ ಓಡಿ ಬಂದಿದ್ರಿ. ಇದಕ್ಕ ಯಾಕ ಬರಲಿಲ್ರಿ, ಸರ?"

ಗಾಲಿಯನ್ನು ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದೆ. ಆಗಷ್ಟೇ ಪಟ್ಟಿ ಬಿಚ್ಚಿದ್ದರು. ಅವ್ವ ಗಾಲಿಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಇಷ್ಟ ಸಣ್ಣದಾ?" ಎಂದಳು.