ಬಾವಿಯಲ್ಲಿಲ್ಲದ ಪ್ರಶ್ನೆ

ಕೊಯಮತ್ತೂರಿನ ಹತ್ತಿರದ ಕಿಣತ್ತುಕಡವಿನ ಅಜ್ಜಿಯೊಬ್ಬರು ಬಾವಿ ಸಮೇತ ತೋಟ ಮಾರಿದ್ದರು. ಬೇಸಿಗೆಯಲ್ಲಿ ಬತ್ತುವ ಬಾವಿಯನ್ನು ಸುಳ್ಳು ಹೇಳಿ ಮಾರಿದರೆಂದು ಕೊಂಡವರು ಕೇಸು ಹಾಕಿದರು. ವಿಚಾರಣೆಗೆ ಮೊದಲೇ ಕೊಂಡವರ ವಕೀಲರು ಬರಹದಲ್ಲಿ ಪ್ರಶ್ನೆಗಳನ್ನು ಕಳಿಸಿದರು. ಅಜ್ಜಿ ಪ್ರಮಾಣ ಮಾಡಿ ಉತ್ತರ ಕೊಡಬೇಕು. ಅಜ್ಜಿಯ ಮನೆಮಾತು ಕನ್ನಡ. ಅಜ್ಜಿಯ ಪರ ವಕೀಲರ ಕೊಯಮತ್ತೂರು ಆಫೀಸಿನಲ್ಲಿ ಕನ್ನಡದವನು ಮೈಸೂರಿನ ನಾನೊಬ್ಬನೇ. ಹಾಗಾಗಿ ಉತ್ತರ ಬರೆದುಕೊಂಡು ಬರಲು ನನ್ನನ್ನೇ ಅಜ್ಜಿಯ ಮನೆಗೆ ಅಟ್ಟಿದರು.

“ಅಜ್ಜಿ, ಬಾವಿ ಬಗ್ಗೆ ಒಂದು ಪ್ರಶ್ನೆ ಇದೆ,” ಎಂದೆ.

“ಒಂದು ಪ್ರಚ್ನೆಯೂ ಇಲ್ಲ ಸಾಮಿ. ಒಳ್ಳೆ ಬಾವಿ.”

“ಇದೆ ಅಜ್ಜಿ, ಈ ಕಾಗದದಲ್ಲೇ ಇದೆ.”

“ಕಾಗದದಾಗೆ ಇರಬೋದು. ಬಾವಿಯಾಗೆ ಇಲ್ಲ.”

ಒಳಗಿಂದ ಬಂದ ಸೊಸೆ ನಗುತ್ತಾ ಗಂಟು ಬಿಡಿಸಿದರು. ತಮಿಳು ಬೆರೆತ ಅವರ ಕನ್ನಡದಲ್ಲಿ ಪ್ರಚ್ನೆ ಎಂದರೆ ತೊಂದರೆಯಂತೆ. ನಮ್ಮ ಪ್ರಶ್ನೆಗೆ ಅವರು ಅನ್ನುವುದು ‘ಕೇಳ್ವಿ’.

“ಓ, ಕೇಳ್ವಿಯಾ? ಹಂಗೆ ಹೇಳಬಾರದಾ! ಕೇಳು ಸಾಮಿ,” ಎಂದು ಅಜ್ಜಿ ಕಾಲು ಚಾಚಿ ಕೂತರು.

“ಮಾರೋ ಮುಂಚೆ, ಬೇಸಿಗೆಯಲ್ಲಿ ಬಾವಿ ಬತ್ತುತ್ತಿತ್ತಾ?”

ಅಜ್ಜಿ ಚಾಚಿದ ಕಾಲು ಮಡಚಿಕೊಂಡರು. ಸೊಸೆಯ ಮುಖ ನೋಡಿದರು. ಸೊಸೆ ಒಳಗೆ ಹೋದರು.

“ಇದು ಕೇಳ್ವಿ ಅಲ್ಲ ಸಾಮಿ,” ಎಂದರು ಅಜ್ಜಿ. “ಇದೇ ಪ್ರಚ್ನೆ.”