ಉಮ್ಮನನ್ನು ಹಜ್ಜುಮ್ಮ ಎಂದು ಕರೆಯಬೇಡಿ

ಹಜ್ಜಿಗೆ ಹೊರಡುವವರು ನಮ್ಮ ಕಡೆ ಮೊದಲು ಮನೆಮನೆಗೆ ಹೋಗಿ ಕ್ಷಮೆ ಕೇಳುತ್ತಾರೆ. ಗೂಡಲೂರಿನ ಮುಸ್ಲಿಮರಲ್ಲಿ ಇದಕ್ಕೆ ಪೊರುತ್ತ ಕೇಳುವುದು ಎಂದು ಹೆಸರು. ‘ಏನಾದರೂ ತಪ್ಪಾಗಿದ್ದರೆ ಪೊರುತ್ತ ಕೊಡಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿ ಮುಂದಿನ ಮನೆಗೆ ನಡೆಯುವವರೇ ಹೆಚ್ಚು. ನನ್ನ ಉಮ್ಮ, ಅಂದರೆ ಅಮ್ಮ, ಹಾಗೆ ಮಾಡಲಿಲ್ಲ. ದೇವಾಲದ ಚಹಾ ಎಸ್ಟೇಟಿನಲ್ಲಿ ಬದುಕಿನ ಮುಕ್ಕಾಲು ಪಾಲು ಎಲೆ ಕಿತ್ತು ನಿವೃತ್ತಳಾದ ಅವಳು, ಪ್ರತಿ ಮನೆಯ ಬಾಗಿಲಲ್ಲೂ ನಿಂತು ತನ್ನ ತಪ್ಪನ್ನು ಬಿಡಿಸಿ ಹೇಳಿದಳು.

ಪಕ್ಕದ ಮನೆಯಲ್ಲಿ ಒಬ್ಬ ಲಿಂಗಾಯತ ಹೆಂಗಸಿದ್ದಾಳೆ. ಈ ಬೆಟ್ಟದಲ್ಲಿ ತಲೆಮಾರುಗಳಿಂದ ಇರುವ ಮನೆತನದವಳು, ಉಮ್ಮನಿಗಿಂತ ಎರಡು ವರ್ಷ ದೊಡ್ಡವಳು.

“ಅಕ್ಕಾ, ನಿಮ್ಮ ಬೇಲಿ ಸೌದೆ ಎರಡು ಸಲ ಕೇಳದೆ ತಕೊಂಡು ಹೋಗಿದೀನಿ. ಪೊರುತ್ತ ಕೊಡಿ,” ಎಂದಳು ಉಮ್ಮ.

“ಎರಡು ಸಲ ನನಗೆ ಗೊತ್ತು. ಮೂರನೇ ಸಲದ್ದು ಹೇಳು.”

“ಮೂರನೇ ಸಲ ನಾನಲ್ಲ ಅಕ್ಕಾ, ಆನೆ.”

“ಸರಿ. ಆನೆ ಬಂದು ಕೇಳ್ಕೊಳ್ಳಲಿ. ನಿನ್ನದು ಮಾಫಿ, ಹೋಗಿ ಬಾ.”

ಅಪ್ಪನ ಹಿರಿಯರು ಗುಂಡ್ಲುಪೇಟೆ ಕಡೆಯಿಂದ ಎಸ್ಟೇಟಿಗೆ ಬಂದವರಾದ್ದರಿಂದ ನಮ್ಮ ಮನೆಯೊಳಗಿನ ಮಾತು ಕನ್ನಡ. ಬಸ್ಸಿನಲ್ಲಿ ತಮಿಳು, ಮಸೀದಿಯಲ್ಲಿ ಮಲಯಾಳ. ಅಪ್ಪ ತೀರಿಕೊಂಡ ಮೇಲೆ ಉಮ್ಮನಿಗೆ ಉಳಿದಿದ್ದ ಆಸೆ ಹಜ್ ಒಂದೇ. ಅವಳನ್ನು ಕಳುಹಿಸಿಕೊಡಲು ಮುಂದೆ ಬಂದವರು ಉಸ್ತಾದ್. ನನಗೆ ಮದರಸಾದಲ್ಲಿ ಮೊದಲ ಅಕ್ಷರ ತಿದ್ದಿಸಿದವರು, ಅಪ್ಪ ತೀರಿಕೊಂಡಾಗ ಮಯ್ಯತ್ತಿನ ನಮಾಜಿಗೆ ಮುಂದೆ ನಿಂತವರು, ಈಗ ಒಂದು ಟ್ರಾವೆಲ್ಸ್ ನಡೆಸುವವರು. ಅಂಥವರ ಬಳಿ ಕಾಗದ ತೋರಿಸಿ ಎನ್ನುವುದು ನಮ್ಮಲ್ಲಿ ಅವಿಶ್ವಾಸವಷ್ಟೇ ಅಲ್ಲ, ಯಾತ್ರೆಯ ನಿಯ್ಯತ್ತಿಗೇ, ಅಂದರೆ ಸಂಕಲ್ಪಕ್ಕೇ ಅಂಟುವ ಕಲೆ. ಹೀಗಾಗಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಮೈಸೂರಿನಲ್ಲಿ ರಾಜ್ಯಶಾಸ್ತ್ರ ಓದಿದವಳು. ಪ್ರಭುತ್ವವನ್ನು ಪ್ರಶ್ನಿಸುವ ಪ್ರಜೆಯ ಹಕ್ಕಿನ ಮೇಲೆ ದಪ್ಪನೆಯ ಪ್ರಬಂಧವೊಂದನ್ನು ಬರೆದಿದ್ದೇನೆ. ಉಮ್ಮನ ವೀಸಾ ಯಾವ ಬಗೆಯದೆಂದು ಮಾತ್ರ ವಿಚಾರಿಸಲಿಲ್ಲ. ಉತ್ತರ ಹೇಳಬೇಕಾದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ; ಅದನ್ನು ಬಿಟ್ಟು ಬರೆಯುವುದು ಅಪ್ರಾಮಾಣಿಕತೆ.

ನಿಯಮ ಜಟಿಲವೇನಲ್ಲ. ಉಮ್ರಾ ಎಂಬ ಕಿರುಯಾತ್ರೆಯನ್ನು ವರ್ಷದ ಬಹುಪಾಲು ದಿನಗಳಲ್ಲಿ ಮಾಡಬಹುದು. ಪ್ರವಾಸಿ ವೀಸಾದಲ್ಲಿ, ಭೇಟಿ ವೀಸಾದಲ್ಲಿ ಹೋದವರಿಗೂ ಅದಕ್ಕೆ ಅವಕಾಶವುಂಟು. ಹಜ್ ಹಾಗಲ್ಲ. ಅದಕ್ಕೆ ಹಜ್ಜಿನ ವೀಸಾವೇ ಬೇಕು, ಜೊತೆಗೆ ಅನುಮತಿ ಪತ್ರ ಬೇಕು. ಇಲ್ಲಿಂದ ಹೋಗುವವರಿಗೆ ಅದು ಸಿಗುವುದು ಸರ್ಕಾರದ ಹಜ್ ಸಮಿತಿಯ ಮೂಲಕ, ಇಲ್ಲವೇ ಸರ್ಕಾರ ಮಾನ್ಯ ಮಾಡಿದ ಖಾಸಗಿ ಸಂಸ್ಥೆಯ ಮೂಲಕ. ಮಾನ್ಯತೆ ಪಡೆದವರ ಪಟ್ಟಿಯನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ತೆರೆದು ನೋಡಬಹುದು. ಹಜ್ಜಿನ ದಿನಗಳು ಹತ್ತಿರವಾದಂತೆ, ಬೇರೆ ವೀಸಾ ಹಿಡಿದವರಿಗೆ ಮಕ್ಕಾ ನಗರದ ಪ್ರವೇಶವೇ ನಿಷಿದ್ಧ. ಇಷ್ಟನ್ನು ತಿಳಿಯಲು ನನಗೆ ಹಿಡಿದದ್ದು ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ನಾನು ಕೊಟ್ಟದ್ದು ಎಲ್ಲ ಮುಗಿದ ಮೇಲೆ. ಪಟ್ಟಿಯಲ್ಲಿ ಉಸ್ತಾದರ ಟ್ರಾವೆಲ್ಸ್ ಇರಲಿಲ್ಲ.

ಮಸಿನಗುಡಿಯ ನಮ್ಮ ಸಂಬಂಧಿಯೊಬ್ಬರು ಹಿಂದಿನ ವರ್ಷ ಪ್ರವಾಸಿ ವೀಸಾದಲ್ಲಿ ಹೋಗಿ, ಉಮ್ರಾ ಮುಗಿಸಿ, ಖರ್ಜೂರ ಹಂಚಿದ್ದರು. ನಮಗೆಲ್ಲ ಅದೇ ಪುರಾವೆಯಾಗಿತ್ತು. ತರಗತಿಯಲ್ಲಿ ಯಾರೋ ವೀಸಾದ ಮಾತೆತ್ತಿದಾಗ ಉಸ್ತಾದ್ ನಕ್ಕು, “ಉಮ್ರಾಕ್ಕೆ ಬಿಡ್ತಾರೆ, ಹಜ್ಜಿಗೆ ಬಿಡಲ್ವಾ? ಕಾಬಾ ಎರಡಿದೆಯಾ?” ಎಂದಿದ್ದರಂತೆ. ಎಲ್ಲರೂ ನಕ್ಕರಂತೆ.

ತರಗತಿ ಎಂದರೆ, ಹೊರಡುವ ಮುನ್ನ ಹಜ್ಜಿನ ವಿಧಿಗಳನ್ನು ಕಲಿಸಲು ಉಸ್ತಾದ್ ನಡೆಸುತ್ತಿದ್ದ ಭಾನುವಾರದ ಪಾಠ. ಅಲ್ಲಿಂದ ಬಂದ ಉಮ್ಮ ಒಂದು ಅರಬ್ಬೀ ವಾಕ್ಯವನ್ನು ಬಾಯಿಪಾಠ ಮಾಡಲು ಒದ್ದಾಡುತ್ತಿದ್ದಳು. ಯಾತ್ರೆಯ ದೀಕ್ಷೆಯಾದ ಇಹ್ರಾಮನ್ನು ತೊಡುವಾಗ ಸಂಕಲ್ಪದ ಜೊತೆಗೆ ಹೇಳುವ ಒಂದು ಷರತ್ತು ಅದು: ನನ್ನನ್ನು ಏನಾದರೂ ತಡೆದರೆ, ತಡೆದ ಜಾಗದಲ್ಲೇ ನನಗೆ ಈ ದೀಕ್ಷೆಯಿಂದ ಬಿಡುಗಡೆಯಾಗಲಿ. ಕಾಯಿಲೆಯಾದರೆ ಅನುಕೂಲವಾಗಲೆಂದು ಉಸ್ತಾದ್ ಹೇಳಿದ್ದರಂತೆ. ನಾನು ಅದನ್ನು ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಉಮ್ಮ ಸಾಸಿವೆ ಸಿಡಿಸುತ್ತಾ ಅದನ್ನು ಹೇಳಿಕೊಳ್ಳುತ್ತಿದ್ದಳು; ತಪ್ಪಿದಾಗ ನಾನು ತಿದ್ದುತ್ತಿದ್ದೆ.

ಪಾಸ್‌ಪೋರ್ಟು ನಮ್ಮ ಕೈಗೆ ಬಂದದ್ದು ಕೋಝಿಕೋಡಿನ ವಿಮಾನ ನಿಲ್ದಾಣದಲ್ಲಿ, ಒಳಗೆ ಹೋಗುವ ಬಾಗಿಲಿನ ಎದುರು. ಹದಿನಾಲ್ಕು ಜನರ ಗುಂಪು, ತೊಡೆ ಎತ್ತರದ ಚೀಲಗಳು, ಬೀಳ್ಕೊಡಲು ಬಂದವರ ಅಳು, ಮುತ್ತು. ನಾನು ವೀಸಾದ ಹಾಳೆಯನ್ನು ಬಿಡಿಸಿ ಓದಿದೆ. ಭೇಟಿ ವೀಸಾ ಎಂದಿತ್ತು. ಹಜ್ಜಿಗೆ ಸಲ್ಲದು ಎಂಬ ಸಾಲೂ ಇತ್ತು.

“ಉಸ್ತಾದ್, ಇದು ಹಜ್ಜಿನ ವೀಸಾ ಅಲ್ಲ.”

“ಪರ್ಮಿಟ್ ಅಲ್ಲಿ ಸಿಗುತ್ತೆ ಮೋಳೇ,” ಎಂದರು, ಮಲಯಾಳದಲ್ಲಿ ಮಗಳೇ ಎಂದು ಕರೆದು. “ಪ್ರತಿ ವರ್ಷ ಹಿಂಗೇ.”

“ಇಲ್ಲಿ ಬರೆದಿದೆಯಲ್ಲ.”

ಅವರ ದನಿ ಏರಲಿಲ್ಲ. “ಹಜ್ಜಿಗೆ ಹೊರಟವರ ಮುಂದೆ ವಾದ ಮಾಡಬಾರದು ಅಂತ ನಿನಗೆ ಕಲಿಸಿದ್ದು ನಾನೇ ಅಲ್ವಾ? ಉಮ್ಮನ ಹಜ್ಜನ್ನ ಇಲ್ಲೇ ಕೆಡಿಸ್ತೀಯಾ?”

ಹಜ್ಜಿನಲ್ಲಿ ಜಗಳ ವರ್ಜ್ಯ ಎಂಬುದು ನಿಜ. ಆ ನಿಯಮ ಯಾತ್ರಿಕರ ಮನಸ್ಸಿನ ಶಾಂತಿಗಾಗಿ ಇರುವುದು, ಏಜೆಂಟರ ರಕ್ಷಣೆಗಾಗಿ ಅಲ್ಲ. ಈ ಉತ್ತರ ನನಗೆ ಹೊಳೆದದ್ದು ಹಿಂತಿರುಗುವ ಬಸ್ಸಿನಲ್ಲಿ. ಆ ಹೊತ್ತಿಗೆ ಉಮ್ಮ ನನ್ನ ಮಣಿಕಟ್ಟು ಹಿಡಿದು “ಬೇಡ ಮಗಳೇ, ಬಿಡು” ಎಂದಿದ್ದಳು. ನಾನು ಹಾಳೆಯನ್ನು ಮಡಿಚಿ ಅವಳ ಕೈಗಿಟ್ಟಿದ್ದೆ.

ಜಿದ್ದಾ ನಗರದ ಹೊರವಲಯದ ಒಂದು ಕೋಣೆಯಲ್ಲಿ ಆರು ಹೆಂಗಸರು. ಇವತ್ತು ಪರ್ಮಿಟ್, ನಾಳೆ ಪರ್ಮಿಟ್. ಒಂದು ದಿನ ಟ್ರಾವೆಲ್ಸಿನವರು ಬಸ್ ಹತ್ತಿಸಿದರು. ಮಕ್ಕಾಕ್ಕೆ ಹೋಗುವ ದಾರಿಯ ತಪಾಸಣೆ ಠಾಣೆಯಲ್ಲಿ ಪೊಲೀಸರು ಒಬ್ಬೊಬ್ಬರ ಕಾಗದವನ್ನೂ ನೋಡಿ ಬಸ್ಸನ್ನು ಹಿಂದಕ್ಕೆ ತಿರುಗಿಸಿದರು. ರಸ್ತೆಯ ಬದಿಯಲ್ಲಿ ಇಳಿದ ಉಮ್ಮ ಉಸ್ತಾದರಿಗೆ ಫೋನ್ ಮಾಡಿ, ತೊಟ್ಟ ಇಹ್ರಾಮನ್ನು ಏನು ಮಾಡಲಿ ಎಂದು ಕೇಳಿದಳು. ಅವರು ಗೂಡಲೂರಿನಿಂದಲೇ, ತಡವರಿಸದೆ ಹೇಳಿದರು: “ಆ ಷರತ್ತು ಹೇಳಿದ್ರಲ್ಲ ಇತ್ತಾತ್ತ? ಹಾಗಾದ್ರೆ ಮುಗೀತು, ಬಿಡಿ.” ಇತ್ತಾತ್ತ ಎಂದರೆ ಅಕ್ಕ. ಹಜ್ಜಿನ ಮುಖ್ಯ ದಿನವಾದ ಅರಫಾದ ದಿನ, ಎಲ್ಲ ಯಾತ್ರಿಕರೂ ಮಕ್ಕಾದ ಹೊರಗಿನ ಅರಫಾ ಬಯಲಿನಲ್ಲಿ ಕೈಯೆತ್ತಿ ನಿಂತಿದ್ದಾಗ, ನನ್ನ ಉಮ್ಮ ಆ ಕೋಣೆಯಲ್ಲಿ ಇನ್ನೊಬ್ಬಳ ಮೊಬೈಲಿನಲ್ಲಿ ಅದನ್ನು ನೋಡುತ್ತಿದ್ದಳು.

ಹಿಂದಿನ ವರ್ಷಗಳಲ್ಲಿ ಸಮಿತಿಯ ಮೂಲಕ ಹೋದವರಿಗೂ ಉಸ್ತಾದರೇ ಪಾಠ ಹೇಳುತ್ತಿದ್ದರು. ಅಂಥ ಇಬ್ಬರ ನೋಟ್‌ಬುಕ್ಕುಗಳನ್ನು ನಾನು ಕೇಳಿ ತಂದು, ಕೊನೆಯ ಪುಟದವರೆಗೆ ಓದಿದೆ. ಆ ಷರತ್ತಿನ ವಾಕ್ಯ ಅವುಗಳಲ್ಲಿ ಎಲ್ಲೂ ಇರಲಿಲ್ಲ. ಸರಿಯಾದ ವೀಸಾ ಇದ್ದವರಿಗೆ ಅದನ್ನು ಕಲಿಸುವ ಅಗತ್ಯ ಉಸ್ತಾದರಿಗೆ ಕಂಡಿರಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತು. ತಡೆಯುತ್ತಾರೆಂದು ತಿಳಿದೇ, ತಡೆದಾಗ ಹೇಳಲು ಬೇಕಾದದ್ದನ್ನು ಕಲಿಸಿ ಕಳುಹಿಸಿದ್ದರು. ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದು ನನ್ನ ಕೈ.

ಉಮ್ಮ ಹಿಂದಿರುಗಿದ ದಿನ ಉಸ್ತಾದರೇ ಬಸ್ ನಿಲ್ದಾಣಕ್ಕೆ ಬಂದು, ಎಲ್ಲರ ಎದುರಿಗೆ “ಹಜ್ಜುಮ್ಮ ಬಂದ್ರು” ಎಂದರು. ಹಜ್ ಮುಗಿಸಿ ಬಂದ ಹೆಂಗಸಿಗೆ ಕೊಡುವ ಆ ಹೆಸರು ಬೀದಿಯಲ್ಲಿ ಉಳಿಯಿತು. ಹಾಲಿನವನು, ಚಹಾ ಎಲೆ ಕೊಳ್ಳುವ ಏಜೆಂಟು, ಪಕ್ಕದ ಮನೆಯವಳು ಎಲ್ಲರೂ ಹಾಗೇ ಕರೆದರು. ಉಮ್ಮ ತಲೆ ತಗ್ಗಿಸಿ ‘ಓ’ ಎನ್ನುತ್ತಿದ್ದಳು.

ನಾನು ದೂರು ಬರೆದೆ. ಹೋದವರೇ ಸಹಿ ಹಾಕಬೇಕು, ಮಗಳ ಮಾತು ಸಾಲದು ಎಂದರು ಪರಿಚಯದ ವಕೀಲರೊಬ್ಬರು. ಹದಿಮೂರು ಬಾಗಿಲು ಸುತ್ತಿದೆ. ಒಬ್ಬ ಹಿರಿಯರು ಹಾಳೆಯನ್ನು ಮರಳಿಸಿ ಹೇಳಿದರು:

“ಗೇಟಿಗೆ ಹಾಜಿ ಅಂತ ಬೋರ್ಡ್ ಹಾಕ್ಸಿದೀನಿ ಮೋಳೇ. ಇದಕ್ಕೆ ಸೈನ್ ಹಾಕಿದ್ರೆ ಬೋರ್ಡ್ ಇಳಿಸೋಕೆ ನೀನು ಬರ್ತೀಯಾ?”

“ಬರ್ತೀನಿ. ಏಣಿನೂ ತರ್ತೀನಿ.”

“ನಿನ್ನ ಉಮ್ಮ ಸೈನ್ ಹಾಕಿದ್ರಾ?”

ಉಮ್ಮ ಹಾಕಿರಲಿಲ್ಲ. ಉಸ್ತಾದರ ಬಲವೇ ಇದು: ಹಜ್ಜನ್ನು ಕಸಿದು ಹಜ್ಜಿನ ಬಿರುದನ್ನು ಕೊಟ್ಟರು. ದೂರು ಕೊಡುವವರು ಮೊದಲು ಆ ಬಿರುದನ್ನು ಬೀದಿಯಲ್ಲಿ ಕಳಚಬೇಕಿತ್ತು. ಉಮ್ಮನ ಮೇಲೂ ನಾನು ಕೋಪಗೊಂಡೆ, ತಿಂಗಳುಗಟ್ಟಲೆ. ಆಡಬಾರದ ಮಾತುಗಳನ್ನೂ ಆಡಿದೆ.

ಮರುವರ್ಷ, ಹಜ್ಜಿಗೆ ಮೂರು ವಾರವಿರುವಾಗ, ಒಂದು ಬೆಳಿಗ್ಗೆ ಉಸ್ತಾದ್ ನಮ್ಮ ಮನೆಗೆ ಬಂದರು. ಈ ಬಾರಿ ಅವರೂ ಗುಂಪಿನ ಜೊತೆ ಹೊರಟಿದ್ದರು. ಪದ್ಧತಿಯಂತೆ ಮನೆಮನೆ ಸುತ್ತುತ್ತಿದ್ದರು. ಉಮ್ಮ ಚಹಾ ಕೊಟ್ಟಳು.

“ಇತ್ತಾತ್ತ, ಏನಾದ್ರೂ ತಪ್ಪಾಗಿದ್ರೆ ಪೊರುತ್ತ ಕೊಡಬೇಕು.”

“ಏನು ತಪ್ಪು ಅಂತ ಹೇಳಿ ಉಸ್ತಾದೇ.”

“ಎಷ್ಟೋ ಇರ್ತವೆ. ಎಲ್ಲ ನೆನಪಿರುತ್ತಾ?”

“ಒಂದು ಹೇಳಿ ಸಾಕು.”

ಅವರು ನನ್ನ ಕಡೆ ನೋಡಿದರು, ಇದು ನಾನು ಹೇಳಿಕೊಟ್ಟ ಮಾತು ಎಂಬಂತೆ. ನಾನು ಏನನ್ನೂ ಹೇಳಿಕೊಟ್ಟಿರಲಿಲ್ಲ.

“ಅಲ್ಲಾಹನ ವಿಧಿ ಇತ್ತಾತ್ತ. ಅವನು ಕರೀಲಿಲ್ಲ.”

“ವಿಧಿ ಅವನದು. ಕಾಗದ ನಿಮ್ಮದು,” ಎಂದಳು ಉಮ್ಮ. “ಈ ಸಲ ಹೋಗೋರ ಕೈಲೂ ಅದೇ ಕಾಗದ ಕೊಟ್ಟಿದೀರಾ? ಶುಕ್ರವಾರ ಜುಮಾ ನಮಾಜ್ ಆದ್ಮೇಲೆ ಎಲ್ಲರ ಮುಂದೆ ಅದನ್ನ ಓದಿ ಹೇಳಿ. ಆಮೇಲೆ ಬನ್ನಿ, ಕೊಡ್ತೀನಿ.”

ಉಸ್ತಾದ್ ಚಹಾವನ್ನು ಅರ್ಧಕ್ಕೆ ಬಿಟ್ಟು ಎದ್ದರು. ಶುಕ್ರವಾರ ಅವರು ಓದಲಿಲ್ಲ. ಆ ಗುಂಪು ಹೊರಟೂ ಹೋಯಿತು.

ಅಂದು ಅವರು ನಮ್ಮ ಗೇಟು ದಾಟಿದ ಕೂಡಲೇ ಉಮ್ಮ ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ನಡೆದಳು. ನಾನು ಹಿಂದೆ ಹೋದೆ.

“ಅಕ್ಕಾ, ಒಂದು ವರ್ಷದಿಂದ ನೀವು ಹಜ್ಜುಮ್ಮ ಅಂತೀರಿ, ನಾನು ಓ ಅಂತೀನಿ. ನಾನು ಹಜ್ ಮಾಡಿಲ್ಲ. ಒಳಗೇ ಬಿಡಲಿಲ್ಲ ನಮ್ಮನ್ನ. ಸುಳ್ಳಿಗೆ ಓ ಅಂದಿದ್ದಕ್ಕೆ ಪೊರುತ್ತ ಕೊಡಿ.”

ಆಕೆ ಮೊರದಲ್ಲಿದ್ದ ಅಕ್ಕಿಯನ್ನು ಪಕ್ಕಕ್ಕಿಟ್ಟಳು.

“ಮತ್ತೆ ಏನಂತ ಕರೀಲಿ ನಿನ್ನ?”

“ಮುಂಚೆ ಏನಂತ ಕರೀತಿದ್ರಿ?”

“ಏ ಇವಳೇ ಅಂತ.”

“ಹಂಗೇ ಕರೀರಿ.”

ಮನೆಗೆ ಬಂದ ಉಮ್ಮ ದೂರಿನ ಹಾಳೆ ಎಲ್ಲಿದೆ ಎಂದು ಕೇಳಿದಳು. ಸೋಮವಾರ ಊಟಿಗೆ ಹೋಗಿ ಅದನ್ನು ಕಲೆಕ್ಟರ್ ಕಚೇರಿಯ ಮನವಿ ದಿನದಲ್ಲಿ ಕೊಟ್ಟೆವು. ಹದಿನಾಲ್ಕು ಹೆಸರುಗಳಿಗೆ ನಾನು ಗೆರೆ ಎಳೆದಿದ್ದ ಜಾಗದಲ್ಲಿ ಒಂದೇ ಸಹಿ ಇತ್ತು, ಎಸ್ಟೇಟಿನ ಹಾಜರಿ ಮಸ್ಟರಿನಲ್ಲಿ ಹಾಕುತ್ತಿದ್ದ ಅದೇ ಗುಂಡನೆಯ ಕನ್ನಡ ಅಕ್ಷರದಲ್ಲಿ. ಉಳಿದ ಹದಿಮೂರು ಗೆರೆಗಳನ್ನು ನಾನು ಅಳಿಸದೆ ಹಾಗೆಯೇ ಬಿಟ್ಟಿದ್ದೇನೆ.