ಮೊದಲು ರೊಟ್ಟಿ, ಆಮೇಲೆ ಗುಳಿಗೆ

ಮದುವೆಯಾದ ಹೊಸದರಲ್ಲಿ ನಮ್ಮತ್ತೆಗೂ ನನಗೂ ಅಷ್ಟಕ್ಕಷ್ಟೇ. ನನಗೆ ಮೂಗಿನ ತುದಿಯಲ್ಲೇ ಕೋಪ, ಅವರದೂ ಏನು ಕಡಿಮೆ ಬಾಯಲ್ಲ. ನಮ್ಮಿಬ್ಬರನ್ನು ಒಂದು ಮಾಡಿದ್ದು ನನ್ನ ಮಗ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅವನು ದಿನಾ ಬೆಳಗ್ಗೆ ನುಂಗುತ್ತಿದ್ದ ಒಂದು ಬಿಳಿ ಮಾತ್ರೆ.

ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ವ್ಯಾಪಾರದ ಮನೆ. ಮಗನ ಮೀನಖಂಡಗಳು ಚಿಕ್ಕಂದಿನಿಂದಲೂ ದಪ್ಪ. ಅಂಗಡಿಗೆ ಬಂದವರೆಲ್ಲ ‘ಪೈಲ್ವಾನ್ ಆಗ್ತಾನೆ ಬಿಡ್ರಿ’ ಅನ್ನುತ್ತಿದ್ದರು, ನಾನೂ ಉಬ್ಬಿಹೋಗುತ್ತಿದ್ದೆ. ಆದರೆ ಆ ಪೈಲ್ವಾನ್ ನೆಲದಿಂದ ಮೇಲೇಳಬೇಕಾದರೆ ತನ್ನ ತೊಡೆಗಳ ಮೇಲೆ ತಾನೇ ಕೈಯೂರಿಕೊಂಡು ಏಳಬೇಕಿತ್ತು. ಶಾಲೆಯ ಮೆಟ್ಟಿಲ ಮೇಲೆ ಪದೇ ಪದೇ ಬೀಳತೊಡಗಿದ ಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಸ್ಕ್ಯುಲರ್ ಡಿಸ್ಟ್ರೋಫಿ ಅಂದರು. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುವ ಕಾಯಿಲೆ, ವಾಸಿಯಾಗುವುದಿಲ್ಲ. ಆದರೆ ಒಂದು ಸ್ಟೀರಾಯ್ಡ್ ಮಾತ್ರೆ ಇದೆ, ಅವನ ನಡಿಗೆಯನ್ನು ಇನ್ನೊಂದಷ್ಟು ವರ್ಷ ಉಳಿಸಿಕೊಡಬಹುದು ಅಂದರು. ನಡಿಗೆ ಅನ್ನುವುದು ಉಳಿಸಿಕೊಳ್ಳಬೇಕಾದ ವಸ್ತು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಾತ್ರೆ ಶುರುವಾಯಿತು, ಜೊತೆಗೆ ಹಸಿವೂ ಶುರುವಾಯಿತು. ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ‘ಅವ್ವ, ಹಸಿವಾಗ್ತೈತೆ’ ಅನ್ನುತ್ತಿದ್ದ. ಮುಖ ದುಂಡಗಾಯಿತು. ಓಣಿಯ ಹೆಂಗಸರು ‘ಹುಡುಗ ಈಗ ಮೈ ಹಿಡಿದಾನೆ’ ಎಂದು ಮೆಚ್ಚಿಕೊಂಡರು. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ನಮ್ಮತ್ತೆ. ಉಪ್ಪು, ಸಿಹಿ, ಕರಿದದ್ದು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದನ್ನು ನಾನು ಸಾರಿ ಸಾರಿ ಹೇಳಿದರೂ ಸೆರಗಿನೊಳಗೆ ಮಿರ್ಚಿ ಮಂಡಕ್ಕಿ ಬಚ್ಚಿಟ್ಟುಕೊಂಡು ಬಂದು ಮೊಮ್ಮಗನಿಗೆ ತಿನ್ನಿಸುತ್ತಿದ್ದರು. ಒಂದು ದಿನ ಹಿಡಿದೆ. ಆವತ್ತಿನ ಜಗಳಕ್ಕೆ ಪಕ್ಕದ ಮನೆಯ ರೇಡಿಯೋ ಕೂಡ ಸುಮ್ಮನಾಯಿತು.

ಮುಂದಿನ ಸಲ ತಪಾಸಣೆಗೆ ಹೋಗುವಾಗ ಅವರನ್ನೇ ಎಳೆದುಕೊಂಡು ಹೋದೆ. ಡಾಕ್ಟರಮ್ಮ ನನ್ನನ್ನು ಬಿಟ್ಟು ಅವರೊಂದಿಗೇ ಮಾತಾಡಿದರು. ತೂಕ ಹೆಚ್ಚಾದರೆ ಸೋತ ಕಾಲು ಆ ಭಾರ ಹೊರಲಾರದು ಅಂದರು. ಬರೀ ಹೊಟ್ಟೆಗೆ ಮಾತ್ರೆ ಕೊಡಬಾರದು, ಬೆಳಗಿನ ತಿಂಡಿಯಾದ ಮೇಲೆಯೇ ಕೊಡಬೇಕು. ಮುಖ್ಯವಾಗಿ, ಒಮ್ಮೆಲೇ ನಿಲ್ಲಿಸಬಾರದು. ಮೈಯಲ್ಲಿ ತಾನಾಗಿ ತಯಾರಾಗುವ ಇಂಥದೇ ಒಂದು ಔಷಧಿ ಇರುತ್ತದೆ, ಮಾತ್ರೆ ಬರುತ್ತಿದೆಯಲ್ಲ ಎಂದು ಮೈ ಅದನ್ನು ತಯಾರಿಸುವುದನ್ನೇ ಮರೆತಿರುತ್ತದೆ. ದಿಢೀರನೆ ಬಿಟ್ಟರೆ ಜೀವಕ್ಕೇ ಅಪಾಯ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೂ, ಜ್ವರ ಜೋರಾದರೂ ಕಾಯದೆ ಆಸ್ಪತ್ರೆಗೆ ಬರಬೇಕು, ಯಾವ ಡಾಕ್ಟರ ಹತ್ತಿರ ಹೋದರೂ ಈ ಮಾತ್ರೆಯ ವಿಷಯವನ್ನು ಮೊದಲು ಹೇಳಬೇಕು. ಕೊನೆಗೆ, ‘ಇವನಿಗಿನ್ನೂ ಸೀತಾಳೆ ಸಿಡುಬು ಬಂದಿಲ್ಲ. ಅದು ಬಂದವರ ಹತ್ತಿರ ಬಿಡಬೇಡಿ. ತಪ್ಪಿ ಹತ್ತಿರ ಹೋದರೆ ಅವತ್ತೇ ಡಾಕ್ಟರಿಗೆ ತೋರಿಸಿ’ ಅಂದರು.

ಮರುದಿನದಿಂದ ಮಾತ್ರೆಯ ಡಬ್ಬಿ ಅವರ ಕೈಗೆ ಹೋಯಿತು. ಬೆಳಗ್ಗೆ ಸ್ನಾನ, ಲಿಂಗಪೂಜೆ, ಆಮೇಲೆ ಮೊಮ್ಮಗನ ಮುಂದೆ ಕೂರುವುದು. ಅವನು ಮಾತ್ರೆಗೆ ಕೈ ಚಾಚಿದರೆ ಕೈಗೊಂದು ಮೆಲ್ಲಗೆ ಏಟು. ‘ಮೊದಲು ರೊಟ್ಟಿ, ಆಮೇಲೆ ಗುಳಿಗೆ!’ ಮನೆಯ ಸಾರಿಗೆ ಉಪ್ಪು ಎಷ್ಟು ಕಡಿಮೆಯಾಯಿತೆಂದರೆ ನನ್ನ ಗಂಡ ಊಟಕ್ಕೆ ಕೂತಾಗೆಲ್ಲ ನಿಟ್ಟುಸಿರು ಬಿಡುತ್ತಿದ್ದರು. ಅತ್ತೆಗೆ ಬಿಪಿ ಇತ್ತು. ಅವರ ಮಾತ್ರೆಯೂ ಅದೇ ಡಬ್ಬಿಯಲ್ಲಿ, ಮೊಮ್ಮಗನದರ ಪಕ್ಕದಲ್ಲೇ ಇರುತ್ತಿತ್ತು. ಅಜ್ಜಿ ಮೊಮ್ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಟ್ಟಿಗೇ ನುಂಗುವುದನ್ನು ನೋಡಲು ನಾನು ಒಲೆ ಸಣ್ಣ ಮಾಡಿ ಬರುತ್ತಿದ್ದೆ.

ಅವನು ನಡೆಯುತ್ತಿದ್ದ. ನಿಧಾನವಾಗಿ, ಹೊಟ್ಟೆ ಮುಂದೆ ಮಾಡಿಕೊಂಡು, ಆದರೂ ತನ್ನ ಕಾಲ ಮೇಲೆ ತಾನೇ ಶಾಲೆಗೆ ಹೋಗುತ್ತಿದ್ದ.

ಒಂದು ದಸರಾ ರಜೆಯಲ್ಲಿ ಅತ್ತೆ, ನಾನು, ಮಗ ಕೊಂಡ್ಲಹಳ್ಳಿಯಲ್ಲಿದ್ದ ಅತ್ತೆಯ ಅಕ್ಕ ದೊಡ್ಡಮ್ಮನ ಮನೆಗೆ ಹೋದೆವು. ದೊಡ್ಡಮ್ಮನ ಮೊಮ್ಮಗಳೂ ನನ್ನ ಮಗನೂ ಅಂಗಳದಲ್ಲಿ ಬಳ್ಳಿಯಿಂದ ಹಸಿ ಶೇಂಗಾ ಬಿಡಿಸುತ್ತ, ಬಿಡಿಸಿದ್ದಕ್ಕಿಂತ ಹೆಚ್ಚು ತಿನ್ನುತ್ತ ದಿನವೆಲ್ಲ ಅಂಟಿಕೊಂಡಿದ್ದರು. ಮರುದಿನ ಬೆಳಗ್ಗೆ ಎದ್ದರೆ ಬಾಗಿಲಿಗೆ ಬೇವಿನ ಸೊಪ್ಪು. ಹುಡುಗಿಯ ಬೆನ್ನು, ಹೊಟ್ಟೆಯ ತುಂಬ ನೀರುಗುಳ್ಳೆ.

ದೊಡ್ಡಮ್ಮ ಕೈಮುಗಿದುಕೊಂಡು, ‘ಅಮ್ಮೋರು ಬಂದವ್ರೆ’ ಅಂದರು. ಅದನ್ನು ಕಾಯಿಲೆ ಅನ್ನುವ ಹಾಗಿಲ್ಲ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಯಾರೊಬ್ಬರೂ ಔಷಧಿ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಅಮ್ಮ ಮುನಿಯುತ್ತಾಳೆ. ಬಂದ ನೆಂಟರು ಎದ್ದು ಹೋಗುವ ಹಾಗೂ ಇಲ್ಲ. ಹೋದರೆ ಅಮ್ಮನಿಗೆ ಬೆನ್ನು ತೋರಿಸಿದಂತೆ. ದೊಡ್ಡಮ್ಮ ನಮ್ಮ ಮಾತ್ರೆ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಗೂಡಿನಲ್ಲಿಟ್ಟು, ‘ನೀರೆರೆಯೋವರೆಗೂ ಇದು ಇಲ್ಲೇ ಇರ್ಲಿ’ ಅಂದರು.

ಎರಡು ಅಪಾಯ ಒಟ್ಟಿಗೇ ಬಂದು ಬಾಗಿಲಲ್ಲಿ ನಿಂತಿದ್ದವು: ಸಿಡುಬೂ ತಗಲಿರಬಹುದು, ಮಾತ್ರೆಯೂ ನಿಲ್ಲಬಹುದು. ಬಾಯಿ ಮಾಡಲು ಹೊರಟೆ. ಅಷ್ಟರಲ್ಲಿ ಅತ್ತೆ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ನನಗೆ ಅವರ ಮೇಲೂ ನಂಬಿಕೆ ಇರಲಿಲ್ಲ, ಯಾಕೆಂದರೆ ಅಮ್ಮನಿಗೆ ಅವರು ತಮ್ಮಕ್ಕನಿಗಿಂತ ಹೆಚ್ಚು ಹೆದರುತ್ತಿದ್ದರು.

ಅತ್ತೆ ಸ್ನಾನ ಮಾಡಿದರು. ಲಿಂಗಪೂಜೆ ಮಾಡಿದರು. ಒಂದು ತಂಗಳು ರೊಟ್ಟಿಯನ್ನು ಮೊಸರಲ್ಲಿ ನೆನೆಸಿ ಮೊಮ್ಮಗನಿಗೆ ತಿನ್ನಿಸಿದರು. ಆಮೇಲೆ ಎದ್ದು ಹೋಗಿ ಗೂಡಿನಿಂದ ಗಂಟು ಇಳಿಸಿದರು.

‘ಏನೇ, ಅಮ್ಮೋರ ಎದುರಿಗೇ ಔಷಧಿ ತೆಗೀತೀಯಾ?’ ದೊಡ್ಡಮ್ಮ ಅಡ್ಡ ಬಂದರು.

‘ಔಷಧಿ ಅಂತ ಯಾರಂದ್ರಕ್ಕಾ? ಇದು ಇವನ ಊಟ. ರೊಟ್ಟಿ ಜೊತೆಗೆ ದಿನಾ ಉಣ್ಣೋದು. ಕೂಸಿನ ಊಟ ಕಿತ್ಕೋ ಅಂತ ಯಾವ ತಾಯಿ ಹೇಳ್ತಾಳೆ?’

ಮಾತ್ರೆ ಅವನ ಬಾಯಿಗೆ ಹೋಯಿತು. ಅಷ್ಟಕ್ಕೆ ನಿಲ್ಲಲಿಲ್ಲ. ಬಾಗಿಲಿನಿಂದ ಒಂದು ಬೇವಿನ ಟಿಸಿಲು ಬಿಡಿಸಿಕೊಂಡು, ಅರಿಸಿನ ಕುಂಕುಮ ಹಚ್ಚಿ, ಉಡಿಯಲ್ಲಿ ಕಟ್ಟಿಕೊಂಡರು.

‘ಬೆನ್ನು ತೋರಿಸಿ ಹೋಗ್ತಿಲ್ಲ ಅಕ್ಕಾ. ಅಮ್ಮನ್ನ ನಮ್ಮನೆಗೂ ಕರಕೊಂಡು ಹೋಗ್ತೀನಿ. ಚಳ್ಳಕೆರೇನೂ ನೋಡ್ಲಿ ಆಕಿ.’

ದೊಡ್ಡಮ್ಮ ಅತ್ತೆಯ ಹಣೆಗೆ ಕುಂಕುಮ ಇಟ್ಟು, ‘ಹುಷಾರಾಗಿ ಕರಕೊಂಡು ಹೋಗು’ ಅಂದರು. ಬಳ್ಳಾರಿಯಿಂದ ಬಂದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ಉಡಿಯ ಮೇಲೆ ಒಂದು ಕೈ, ಮೊಮ್ಮಗನ ಮೇಲೆ ಒಂದು ಕೈ ಇಟ್ಟುಕೊಂಡು ಕೂತಿದ್ದರು. ನನಗೆ ಅವರ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ, ಬಸ್ಸು ಅಷ್ಟು ತುಂಬಿತ್ತು.

ಅವತ್ತೇ ಚಿತ್ರದುರ್ಗದ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಾತ್ರೆಯ ಹೆಸರನ್ನು ತಮ್ಮದೇ ಉಚ್ಚಾರಣೆಯಲ್ಲಿ ಹೇಳಿ, ‘ಇವತ್ತಿಂದೂ ಕೊಟ್ಟೀನ್ರಿ, ತಪ್ಸಿಲ್ಲ’ ಅಂದರು. ಡಾಕ್ಟರು ಬೆಂಗಳೂರಿಗೆ ಫೋನ್ ಮಾಡಿ ಮಾತಾಡಿದರು. ಏನೇನು ಗಮನಿಸಬೇಕು ಎಂದು ತಿಳಿಸಿ, ಒಂದೇ ಒಂದು ಗುಳ್ಳೆ ಕಂಡರೂ ಓಡಿ ಬನ್ನಿ ಎಂದು ಕಳಿಸಿದರು. ಎರಡು ವಾರ ಕಳೆಯುವ ಹೊತ್ತಿಗೆ ಕಿವಿಯ ಹಿಂದೆ ಒಂದು ಗುಳ್ಳೆ ಕಂಡಿತು, ಓಡಿದೆವು. ಆಸ್ಪತ್ರೆಯಲ್ಲಿ ಸಿಡುಬಿನ ಔಷಧಿಯನ್ನು ಡ್ರಿಪ್‌ನಲ್ಲಿ ಹಾಕಿದರು, ಇವನ ಮಾತ್ರೆಯನ್ನು ನಿಲ್ಲಿಸದೆ ತಾವೇ ಅಳತೆ ನೋಡಿ ಕೊಟ್ಟರು. ಜ್ವರ ಏರಿದ ದಿನ ನಾನು ಎಲ್ಲ ದೇವರನ್ನೂ ಬೈದೆ. ಜ್ವರ ಇಳಿದ ದಿನ ಎಲ್ಲರ ಕ್ಷಮೆಯನ್ನೂ ಕೇಳಿದೆ.

ಮನೆಗೆ ಬಂದ ಮೇಲೆ, ಹಕ್ಕಳೆಗಳೆಲ್ಲ ಉದುರಿದ ಬಳಿಕ, ಅಮ್ಮನನ್ನು ಕಳಿಸಿಕೊಡುವ ನೀರು. ಅತ್ತೆ ಬೇವಿನ ಸೊಪ್ಪು ಹಾಕಿದ ನೀರು ಕಾಯಿಸಿ ಮೊಮ್ಮಗನಿಗೆ ಎರೆದರು, ಮೊಸರನ್ನದ ಎಡೆ ಇಟ್ಟರು. ಕೈಮುಗಿದು ಏಳಲು ಹೋದವರು ಗೋಡೆ ಹಿಡಿದು ಹಾಗೇ ಕುಸಿದು ಕೂತರು. ಕಣ್ಣು ಕತ್ತಲೆ ಬಂದಿತ್ತು. ಗಂಡನನ್ನು ಡಾಕ್ಟರ ಹತ್ತಿರ ಓಡಿಸಿ, ನಾನು ಬಿಪಿ ಮಾತ್ರೆಗೆಂದು ಡಬ್ಬಿ ತೆರೆದೆ. ಮೊಮ್ಮಗನ ಮಾತ್ರೆಯ ಪಟ್ಟಿಯಲ್ಲಿ ಎಲ್ಲ ಖಾಲಿ ಗೂಡುಗಳು. ಪಕ್ಕದಲ್ಲಿ ಅತ್ತೆಯ ಪಟ್ಟಿ, ಕೊಂಡ್ಲಹಳ್ಳಿಯಿಂದ ಬಂದ ದಿನ ಹೇಗಿತ್ತೋ ಹಾಗೇ ಇತ್ತು.

‘ಅತ್ತೇ! ಏನ್ರಿ ಇದು? ಬುದ್ಧಿ ಇದೆಯೇನ್ರಿ ನಿಮಗೆ?’ ಎಂದು ಕಿರುಚಿಬಿಟ್ಟೆ.

ಅವರು ಕಣ್ಣು ತೆರೆಯದೆ ಹೇಳಿದರು, ‘ಕೂಗಬೇಡ ಕಣವ್ವ, ಎಡೆ ಇಟ್ಟೈತೆ. ಅವನದು ಬಿಡಂಗಿಲ್ಲ ಅಂತ ಡಾಕ್ಟ್ರಮ್ಮ ಹೇಳ್ಯಾಳೆ. ಮನೇಗೆ ಕರಕೊಂಡು ಬಂದ ಮೇಲೆ ಅಮ್ಮಂಗೆ ಯಾರದಾದ್ರೂ ಬಿಡಬೇಕಲ್ಲ. ನಂದು ಬಿಟ್ಟೆ.’

ನನಗೆ ಇನ್ನಷ್ಟು ಬೈಯಬೇಕಿತ್ತು. ಬಾಯಿಂದ ಬಂದದ್ದು ಅಳು. ಅವರ ಪಕ್ಕದಲ್ಲೇ ಕೂತು, ಅವರ ಭುಜಕ್ಕೆ ಮುಖ ಒತ್ತಿ, ಮದುವೆಯಾಗಿ ಬಂದಾಗಿನಿಂದ ಅಳದಿದ್ದುದನ್ನೆಲ್ಲ ಅತ್ತೆ.

ಡಾಕ್ಟರು ಬಂದು ನೋಡಿ, ಅತ್ತೆಗೆ ಚೆನ್ನಾಗಿ ಬೈದು, ಮಾತ್ರೆ ಮತ್ತೆ ಶುರು ಮಾಡಲು ಹೇಳಿ ಹೋದರು. ಅತ್ತೆ ಮಾತ್ರೆಗೆ ಕೈ ಚಾಚಿದರು. ಅಷ್ಟರಲ್ಲಿ ನನ್ನ ಮಗ ಅಡುಗೆಮನೆಯಿಂದ ಗೋಡೆ ಹಿಡಿದುಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು, ತನ್ನ ಕಾಲ ಮೇಲೆ ತಾನೇ ನಡೆದು ಬಂದ. ಅಜ್ಜಿಯ ಕೈಗೆ ಮೆಲ್ಲಗೆ ಒಂದು ಏಟು ಕೊಟ್ಟು, ಇನ್ನೊಂದು ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಅವರ ಬಾಯಿಗೆ ಹಿಡಿದ.